ಹೊಟ್ಟೆ ತುಂಬಿದರೆ ದಾಸೋಹವಾಯಿತೆ?



ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ ನೆರೆಯುತ್ತದೆ. ವಿಜಾಪುರ, ಬಾಗಲಕೋಟ, ಬೆಳಗಾವಿ, ಕಲಬುರ್ಗಿ, ಸೊಲ್ಲಾಪುರದ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಊರೂರಿನವರು ಪೆಂಡಾಲು ಹಾಕಿ ಊಟ, ಚಹಾ, ಬಾಳೆಹಣ್ಣು ಹಂಚುತ್ತಾರೆ. ನಮ್ಮ ಮಠದಿಂದಲೂ ಮೂರು ದಿನ ದಾಸೋಹದ ಒಲೆ ಹೂಡುವುದು ರೂಢಿ. ಜಾತ್ರೆ ಮುಗಿದ ಮೇಲೆ ಅದರ ಲೆಕ್ಕ ಕೂಡಿಸುವುದು ನಮ್ಮ ಪಾಲಿನ ಕಾಯಕ. ಬಿ.ಕಾಂ. ಓದಿದವರೆಂಬ ಒಂದೇ ಕಾರಣಕ್ಕೆ ಹಿಂದಿನ ಕಾರ್ಯದರ್ಶಿಗಳು ಈ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು. ಎಷ್ಟು ಚೀಲ ಅಕ್ಕಿ ಬಂತು, ಎಷ್ಟು ಗೋದಿ, ಎಷ್ಟು ಬೆಲ್ಲ, ಎಷ್ಟು ಖರ್ಚು, ಎಷ್ಟು ಉಳಿಕೆ ಎಂದು ನಾಲ್ಕು ಪುಟದಲ್ಲಿ ಮುಗಿಯುವ ಲೆಕ್ಕವದು. ಕಳೆದ ಜಾತ್ರೆಯ ಲೆಕ್ಕ ಮಾತ್ರ ನಮಗೆ ಹಾಗೆ ಮುಗಿಯಲಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗ.

ಎರಡನೆಯ ದಿನದ ಪಂಕ್ತಿಯಲ್ಲಿ ನಾವು ನೀರು ಕೊಡುತ್ತ ಹೊರಟಿದ್ದೆವು. ಅಜ್ಜಿಯ ಮಗ್ಗುಲಲ್ಲಿ ಒಬ್ಬ ಹುಡುಗ ಕುಳಿತು ಹುಗ್ಗಿ ಉಣ್ಣುತ್ತಿದ್ದ. ನೋಡಿದರೆ ಎರಡನೆಯ ಇಯತ್ತೆಯ ಹುಡುಗನಂತೆ ಕಂಡ. ಮಾತನಾಡಿಸಬೇಕೆಂದು, "ಎಷ್ಟನೇ ಇಯತ್ತೆ ಅದೀಯೋ ತಮ್ಮಾ?" ಎಂದು ಕೇಳಿದೆವು.

"ಐದನೇದ್ರೀ" ಎಂದ.

ನಂಬಿಕೆ ಬರಲಿಲ್ಲ. ಅಜ್ಜಿಯ ಮುಖ ನೋಡಿದೆವು. "ಹೌದ್ರಿ ಯಪ್ಪಾ, ಐದನೇದು. ನಮ್ಮ ಮನಿತನದ ಚರಾನೇ ಸಣ್ಣ" ಎಂದಳು ಆಕೆ. ಹುಡುಗನ ತಂದೆ-ತಾಯಿ ದೀಪಾವಳಿಯಾದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗಿದ್ದಾರೆ. ಸಾಲಿ ತಪ್ಪಬಾರದೆಂದು ಇವನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದಾರೆ. ಮುಂಜಾನೆ ಚಹಾ ಮತ್ತು ಬಟರ್. ಮಧ್ಯಾಹ್ನ ಸಾಲಿಯಲ್ಲಿ ಖಿಚಡಿ. ರಾತ್ರಿ ಅನ್ನ-ಸಾರು. "ರೇಶನ್ ಅಕ್ಕಿ ಐತ್ರಿ, ಅದಕ್ಕೇನೂ ಕಡಿಮಿ ಇಲ್ಲ. ದಾನಮ್ಮನ ಪುಣ್ಯಾ, ಕೂಸು ಹೊಟ್ಟಿ ತುಂಬ ಉಣತೈತಿ" ಎಂದು ಅಜ್ಜಿ ಕೈ ಮುಗಿದಳು.

ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ಹುಡುಗ ಹಸಿದಿರಲಿಲ್ಲ. ನಮ್ಮನ್ನು ಕಾಡಿದ್ದು ಅದೇ. ಅವನು ಹಸಿದಿದ್ದರೆ ನಮಗೆ ದಾರಿ ಗೊತ್ತಿತ್ತು. ಇನ್ನೊಂದು ಸೌಟು ನೀಡುತ್ತಿದ್ದೆವು, ಪ್ರಕರಣ ಮುಗಿಯುತ್ತಿತ್ತು. ಹೊಟ್ಟೆ ತುಂಬಿದ ಮಗುವೊಂದು ಬೆಳೆಯದೆ ಕುಳಿತಿದ್ದರೆ ದಾಸೋಹಿ ಏನು ಮಾಡಬೇಕು? ಹೊಟ್ಟೆ ತುಂಬಿಸಿದ್ದಕ್ಕೇ ದಾಸೋಹ ಪೂರೈಸಿತೆಂದು ಪುಸ್ತಕದ ಕೆಳಗೆ ಗೆರೆ ಎಳೆಯಬಹುದೆ? ಈ ಪ್ರಶ್ನೆಯನ್ನು ಭಕ್ತರ ಮುಂದೆ ಇಡಬೇಕೆಂದು ಪೂಜ್ಯರಲ್ಲಿ ಅಪ್ಪಣೆ ಬೇಡಿದೆವು. "ಬರೀರಿ, ಆದರೆ ನಮ್ಮನ್ನೂ ಬಿಡಬ್ಯಾಡ್ರಿ" ಎಂದರು. ಅದರ ಅರ್ಥ ಮುಂದೆ ತಿಳಿಯುತ್ತದೆ.

ಮೊದಲು ಶರೀರದ ವಿಷಯ. ಹತ್ತು ವರ್ಷ ತುಂಬಿದ ಹುಡುಗನ ಎತ್ತರ ಸಾಧಾರಣವಾಗಿ 138 ಸೆಂಟಿಮೀಟರ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕ ಹೇಳುತ್ತದೆ. ಏಳು ವರ್ಷದವನದು ಸುಮಾರು 122. ಹತ್ತರವನು ಏಳರವನಂತೆ ಕಂಡರೆ ಅದನ್ನು ನಾವು 'ಸಣ್ಣ ಚರ' ಎಂದು ಕರೆದು ಸುಮ್ಮನಾಗುತ್ತೇವೆ. ಕೆಲವರ ಮನೆತನ ಗಿಡ್ಡ ಇರುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಓಣಿಯ ಮಕ್ಕಳೆಲ್ಲ ಸಣ್ಣ ಚರದವರಾದರೆ ಅದು ರಕ್ತದ ಗುಣವಲ್ಲ, ತಾಟಿನ ಗುಣ. 2016ರಿಂದ 2018ರವರೆಗೆ ದೇಶದಾದ್ಯಂತ ನಡೆದ ಮಕ್ಕಳ ಸಮಗ್ರ ಪೌಷ್ಟಿಕ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡಾ 22ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 10ರಿಂದ 19ರವರಲ್ಲಿ ಶೇಕಡಾ 24ರಷ್ಟು ಮಂದಿ ಎತ್ತರಕ್ಕೆ ತಕ್ಕ ಮೈಯಿಲ್ಲದವರು. ಆ ವಯಸ್ಸಿನವರಲ್ಲೇ ಶೇಕಡಾ 28 ಮಂದಿಗೆ ರಕ್ತಹೀನತೆ.

ಇಂಥ ಅಂಕಿಗಳು ನಮಗೆ ಅಪರೂಪಕ್ಕೆ ಸಿಗುವುದಕ್ಕೂ ಒಂದು ಕಾರಣವಿದೆ. ಕೂಸು ಹುಟ್ಟಿದಾಗಿನಿಂದ ಆರು ವರ್ಷದವರೆಗೆ ಅಂಗನವಾಡಿಯಲ್ಲಿ ತಕ್ಕಡಿ ಇರುತ್ತದೆ, ತೂಕದ ಪುಸ್ತಕ ಇರುತ್ತದೆ. ದೊಡ್ಡ ದೊಡ್ಡ ಸರಕಾರಿ ಸಮೀಕ್ಷೆಗಳೂ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನೇ ತೂಗುತ್ತವೆ. ಸಾಲಿಗೆ ಹೆಸರು ಹಚ್ಚಿದ ಮೇಲೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬಂದು ನೋಡಿ ಹೋಗುವುದನ್ನು ಬಿಟ್ಟರೆ ಮಗುವನ್ನು ತೂಗುವವರು ಯಾರೂ ಇಲ್ಲ. ಓಡಾಡುತ್ತದೆ, ನಗುತ್ತದೆ, ಗೋಲಿ ಆಡುತ್ತದೆ. ಪಾಠದಲ್ಲಿ ಮನಸ್ಸಿಲ್ಲವೆಂದು ಗುರುಗಳ ಕಡೆಯಿಂದ ಬೈಸಿಕೊಳ್ಳುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶವಿಲ್ಲದ ಮಗುವಿಗೆ ಮಧ್ಯಾಹ್ನದ ಮೇಲೆ ತೂಕಡಿಕೆ ಬರುವುದು ಆಲಸ್ಯವಲ್ಲ. ಇದನ್ನು ನಾವು ಸಹ ನಲವತ್ತು ದಾಟಿದ ಮೇಲೆ ತಿಳಿದುಕೊಂಡೆವು.

ಹಿಂದಿನ ಕಾಲ ಚೆನ್ನಾಗಿತ್ತು ಎಂದು ಕೆಲವು ಹಿರಿಯರು ಹೇಳುತ್ತಾರೆ. ಅದನ್ನು ಪೂರ್ತಿ ಒಪ್ಪುವುದಕ್ಕೆ ಬರುವುದಿಲ್ಲ. 1972ರ ಬರಗಾಲದಲ್ಲಿ ಕೆಂಪು ಮಿಲೋ ಜೋಳದ ರೊಟ್ಟಿ ತಿಂದು, ರಸ್ತೆ ಕೆಲಸದ ಮೇಲೆ ಹಂಚಿದ ಸುಕಡಿಯಿಂದ ಮಕ್ಕಳನ್ನು ಉಳಿಸಿಕೊಂಡ ಕಥೆಯನ್ನು ಜತ್ತ ತಾಲೂಕಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಆದರೆ ಒಂದು ಮಾತು ನಿಜ. ನಮ್ಮದು ಜೋಳದ ಸೀಮೆ. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಇಲ್ಲವೆ ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೇಲೊಂದಿಷ್ಟು ಮಜ್ಜಿಗೆ. ಬಡವನ ತಾಟಿನಲ್ಲಿಯೂ ಇವುಗಳಲ್ಲಿ ಮೂರಾದರೂ ಇರುತ್ತಿದ್ದವು. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನು, ಪಾಲಿಶ್ ಅಕ್ಕಿಯಲ್ಲಿ ಸುಮಾರು 8. ಕಬ್ಬಿಣದ ಅಂಶದಲ್ಲಿ ಜೋಳದ ಮುಂದೆ ಅಕ್ಕಿ ಎಲ್ಲಿಯೂ ನಿಲ್ಲುವುದಿಲ್ಲ. ಅಕ್ಕಿಯ ದೋಷ ಅಷ್ಟೇ ಅಲ್ಲ. ರೊಟ್ಟಿ ಪಲ್ಯವಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ, ಅನ್ನ ತಿಳಿಸಾರು ಇದ್ದರೂ ಇಳಿಯುತ್ತದೆ. ಕಾಳು ತಾಟಿನಿಂದ ಮೆಲ್ಲಗೆ ಎದ್ದುಹೋದದ್ದು ಹೀಗೆ. ಊಟದ ಜೊತೆಗೇ ಚಹಾ ಕುಡಿಸಿದರೆ ಇದ್ದಬದ್ದ ಕಬ್ಬಿಣದ ಅಂಶವೂ ಮೈಗೆ ಹತ್ತುವುದಿಲ್ಲ. ನಾವು ಮಾತ್ರ 'ನಮ್ಮ ಹುಡುಗನಿಗೆ ಚಹಾ ಇಲ್ಲದಿದ್ದರೆ ನಡೆಯುವುದೇ ಇಲ್ಲ' ಎಂದು ಕೌತುಕದಿಂದ ಹೇಳಿಕೊಳ್ಳುತ್ತೇವೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಇದು ನಮ್ಮದಲ್ಲವೆಂದು ಹೊಳ್ಳಿ ಕಳಿಸಿದಳು. ಆ ತಾಯಿಗೆ ಅಳತೆ ಗೊತ್ತಿತ್ತು. ನಮಗೆ ಅಳತೆ ತಪ್ಪಿರುವುದು ಬೇರೆ ರೀತಿ. ಅಕ್ಕಿ ಸಾಕಷ್ಟಿದೆ, ಅಕ್ಕಿಯ ಮಗ್ಗುಲಲ್ಲಿ ಇರಬೇಕಾದದ್ದು ಇಲ್ಲ.

ಈಗ ದಾಸೋಹದ ಮಾತಿಗೆ ಬರೋಣ. ದಾನಮ್ಮದೇವಿ ಜತ್ತ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದಳೆಂದೂ, ಕಲ್ಯಾಣದಲ್ಲಿ ಆಕೆಯ ಕೊಡುಗೈ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂದೂ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ದೇವಿಯ ಹೆಸರಿನಲ್ಲಿಯೇ 'ದಾನ' ಇದೆ. ಆದರೂ ಶರಣರು ದಾನ ಬೇರೆ, ದಾಸೋಹ ಬೇರೆ ಎಂದೇ ತಿಳಿದವರು. ದಾನದಲ್ಲಿ ಕೊಡುವವನ ಕೈ ಮೇಲೆ, ಇಸಿದುಕೊಳ್ಳುವವನ ಕೈ ಕೆಳಗೆ. ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಕೊಡುವವನೇ ಗೊತ್ತುಮಾಡುತ್ತಾನೆ. ದಾಸೋಹಿ ಎಂದರೆ ದಾಸನು, ಆಳು. ಒಡೆಯನಿಗೆ ಏನು ಬೇಕೆಂದು ತಿಳಿದು ಮಾಡುವುದು ಆಳಿನ ಕೆಲಸ. ತನಗೆ ಮಾಡಿ ಮುಗಿಸಲು ಅನುಕೂಲವಾದದ್ದನ್ನು ಮಾಡಿಟ್ಟು ಹೋಗುವವನಿಗೆ ಆಳು ಎನ್ನುವುದಿಲ್ಲ. ಈ ಅಳತೆಗೋಲಿನಿಂದ ಅಳೆದರೆ ನಾವು ಜಾತ್ರೆಯಲ್ಲಿ ಮಾಡುವುದು ದಾನವೋ ದಾಸೋಹವೋ ಎಂಬ ಸಂಶಯ ನಮಗೇ ಹುಟ್ಟಿತು. ಮೂರು ದಿನ ಹುಗ್ಗಿ, ಬೂಂದಿ, ಅನ್ನ, ಸಾರು. ನಡೆದು ದಣಿದು ಬಂದವರಿಗೆ ಅದು ಬೇಕು, ಅದನ್ನು ಕಡಿಮೆ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಐದನೆಯ ಇಯತ್ತೆಯ ಆ ಒಡೆಯನಿಗೆ ಬೇಕಾದದ್ದು ಮೂರು ದಿನದ ಹುಗ್ಗಿಯಲ್ಲ, ಇನ್ನೂರು ದಿನದ ಹಿಡಿಕಾಳು.

ದಾಸೋಹದ ಮಾತು ಬಂದಾಗಲೆಲ್ಲ ನಾವು ತುಮಕೂರಿನ ಸಿದ್ಧಗಂಗೆಯನ್ನು ನೆನೆಯುತ್ತೇವೆ. 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳವರ ಹಿರಿಮೆಯನ್ನು ಭಾಷಣದಲ್ಲಿ ಹೇಳುವಾಗ ಎಷ್ಟು ಸಾವಿರ ಮಕ್ಕಳು ಉಂಡರೆಂದು ಎಣಿಸುತ್ತೇವೆ. ಎಣಿಸಬೇಕಾದದ್ದು ದಿನಗಳನ್ನು. ಅಲ್ಲಿ ಮಕ್ಕಳಿಗೆ ಬಡಿಸಿದ್ದು ಮುದ್ದೆ, ಅನ್ನ, ಸಾರು. ಆದರೆ ಒಲೆ ಆರದಂತೆ ನೋಡಿಕೊಂಡರು. ಕರ್ನಾಟಕ ಸರಕಾರ 2002ರಲ್ಲಿ ಶಾಲೆಯ ಬಿಸಿಯೂಟ ಆರಂಭಿಸಿದಾಗ ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. ನಮ್ಮ ಶರಣರ ಮಾತನ್ನು ಸರಕಾರ ಕಡ ಪಡೆಯಿತೆಂದು ಅಂದು ಹೆಮ್ಮೆಪಟ್ಟವರು ನಾವು. ಆ ಮಾತಿನ ಭಾರ ನಮ್ಮ ಮೇಲೆಯೂ ಇದೆ ಎಂದು ಆಗ ಹೊಳೆಯಲಿಲ್ಲ.

ಗಡಿಯ ಭಕ್ತರಿಗೆ ಇನ್ನೊಂದು ನೋಟ ದಿನವೂ ಕಾಣುತ್ತದೆ. ಅಣ್ಣನ ಮನೆ ಜತ್ತ ತಾಲೂಕಿನಲ್ಲಿ, ತಂಗಿಯನ್ನು ಕೊಟ್ಟಿದ್ದು ವಿಜಾಪುರ ಜಿಲ್ಲೆಯಲ್ಲಿ. ಇಬ್ಬರ ಮಕ್ಕಳೂ ಕನ್ನಡ ಸಾಲಿಗೇ ಹೋಗುತ್ತಾರೆ, ಆದರೆ ಎರಡು ತಾಟು ಬೇರೆ ಬೇರೆ. ಕೇಂದ್ರದ ಅಳತೆ ಎರಡೂ ಕಡೆ ಒಂದೇ. ಐದನೆಯದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನು ಸಿಗಬೇಕು. ಇದರ ಮೇಲೆ ಆ ಬದಿಯಲ್ಲಿ 2013ರಿಂದ ಹಾಲು ಕೊಡುತ್ತಾರೆ. ಮೊಟ್ಟೆ ಇಲ್ಲವೆ ಬಾಳೆಹಣ್ಣು ಕೊಡುವುದು 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಈ ಬದಿಯಲ್ಲಿ ಮಹಾರಾಷ್ಟ್ರ ಸರಕಾರ 2023ರ ನವೆಂಬರದಲ್ಲಿ ವಾರಕ್ಕೊಂದು ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಎಂದು ಆದೇಶ ಹೊರಡಿಸಿತು. 2025ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು. ಮೊಟ್ಟೆಗೆ, ನಾಚಣಿ ಸತ್ವಕ್ಕೆ ಬೇರೆ ಹಣವಿಲ್ಲ, ಕೊಡಬೇಕೆಂದಿದ್ದರೆ ಶಾಲೆಯ ಸಮಿತಿಯವರು ಲೋಕವರ್ಗಣಿಯಿಂದ ಕೂಡಿಸಿಕೊಳ್ಳಲಿ ಎಂದು ಅದರ ತಾತ್ಪರ್ಯ.

ಲೋಕವರ್ಗಣಿ ಎಂದರೆ ಲೋಕದವರು ಕೊಡುವ ವಂತಿಗೆ. ಆ ಲೋಕದಲ್ಲಿ ನಾವೂ ಇದ್ದೇವೆ.

ಪೂಜ್ಯರು "ನಮ್ಮನ್ನೂ ಬಿಡಬ್ಯಾಡ್ರಿ" ಎಂದದ್ದು ಮುಂದಿನ ಮಾತಿಗಾಗಿ. 2021ರ ಡಿಸೆಂಬರದಲ್ಲಿ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭವಾಯಿತು. ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳ ಜೊತೆಗೆ ನಮ್ಮ ಮಗ್ಗುಲ ವಿಜಾಪುರವೂ ಅದರಲ್ಲಿತ್ತು. ಅನೇಕ ಮಠಾಧೀಶರು ವಿರೋಧಿಸಿದರು. ನಮ್ಮ ಮಠದ ಭಕ್ತರಲ್ಲಿ ಆ ಜಿಲ್ಲೆಯವರು ಬಹಳ. ಅವರು ಒಂದು ಮನವಿಪತ್ರ ತಂದರು. ಮಠದ ಪರವಾಗಿ ಅದಕ್ಕೆ ಸಹಿ ಹಾಕಿದವರು ನಾವೇ, ಈ ಲೇಖನ ಬರೆಯುತ್ತಿರುವವರು. ಮುದ್ರೆಯನ್ನೂ ಒತ್ತಿದೆವು. ಅದೇ ದಿನಗಳಲ್ಲಿ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಎಲ್ಲರೆದುರು ಮಾತನಾಡಿದ್ದು ಊರಿಗೆಲ್ಲ ಹಬ್ಬಿತು. ನಮಗೆ ಮೊಟ್ಟೆ ಬೇಕು, ಬೇಡವೆನ್ನಲು ನೀವು ಯಾರು, ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಅರ್ಥದ ಮಾತು. ಆಗ ನಮಗೆ ಸಿಟ್ಟು ಬಂದಿತ್ತು. ಹಿರಿಯರ ಮುಂದೆ ಮಾತನಾಡುವ ರೀತಿಯೇ ಇದು ಎಂದು ಅಂದಿದ್ದೆವು. ಪಂಕ್ತಿಯಲ್ಲಿ ಆ ಹುಡುಗನನ್ನು ಕಂಡ ದಿನ ರಾತ್ರಿ ಆ ಹುಡುಗಿಯ ಮಾತು ನೆನಪಿಗೆ ಬಂತು. ಸಿಟ್ಟು ಬರಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಮುಂದೆಯೂ ತಿನ್ನುವವರಲ್ಲ. ಇದು ನಾವು ಇಟ್ಟುಕೊಂಡ ನೇಮ. ನೇಮ ಮುರಿಯಿರೆಂದು ಭಕ್ತರಿಗೆ ಹೇಳುವ ಧೈರ್ಯವೂ ಇಲ್ಲ, ಇಚ್ಛೆಯೂ ಇಲ್ಲ. ಮಗ್ಗುಲಲ್ಲಿ ಕುಳಿತವನ ತಾಟಿನಲ್ಲಿ ಮೊಟ್ಟೆ ಇದ್ದರೆ ನಮ್ಮ ಮಗುವಿಗೆ ಮುಜುಗರವಾಗುತ್ತದೆ ಎಂಬ ತಾಯಂದಿರ ಮಾತೂ ಸುಳ್ಳಲ್ಲ. ಆದರೆ ಒಂದು ವಿಷಯವನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ. ಆ ಮನವಿಪತ್ರಕ್ಕೆ ಸಹಿ ಹಾಕಿದವರಲ್ಲಿ ಎಷ್ಟು ಜನರ ಮಕ್ಕಳು ಸರಕಾರಿ ಶಾಲೆಯ ಪಂಕ್ತಿಯಲ್ಲಿ ಕೂಡುತ್ತಾರೆ? ನಮ್ಮ ಮಕ್ಕಳಿಗೆ ಮುಂಜಾನೆ ಇಂಗ್ಲಿಷ್ ಸಾಲಿಯ ಬಸ್ಸು ಬರುತ್ತದೆ. ಡಬ್ಬಿಯಲ್ಲಿ ಚಪಾತಿ, ತುಪ್ಪ, ಪಲ್ಯ ಇರುತ್ತದೆ. ರಾತ್ರಿ ಹಾಲು ಇರುತ್ತದೆ. ನಾವು ಮೊಟ್ಟೆ ಬಿಟ್ಟಿದ್ದೇವೆ, ಅದರ ಬದಲಿಗೆ ಬೇಕಾದದ್ದೆಲ್ಲ ನಮ್ಮಲ್ಲಿದೆ. ನಮ್ಮ ತ್ಯಾಗಕ್ಕೆ ಯಾವ ಖರ್ಚೂ ಬೀಳಲಿಲ್ಲ. ಜಿಲ್ಲಾ ಪರಿಷದ ಸಾಲಿಯ ಪಂಕ್ತಿಯಲ್ಲಿ ಉಳಿದವರು ಕಬ್ಬಿನ ಗ್ಯಾಂಗಿನವರ, ಕೂಲಿಯವರ ಮಕ್ಕಳು. ಅವರಲ್ಲಿ ಬಹಳಷ್ಟು ಮನೆಗಳಲ್ಲಿ ಮೊಟ್ಟೆ ಸಲ್ಲುತ್ತದೆ, ಕೊಳ್ಳಲು ದುಡ್ಡು ಸಲ್ಲುವುದಿಲ್ಲ. ಅವರ ತಾಟಿನಿಂದ ನಾವು ಒಂದನ್ನು ತೆಗೆಸಲು ಹೊರಟೆವು. ತೆಗೆದ ಜಾಗದಲ್ಲಿ ಏನು ಇಡುತ್ತೇವೆಂದು ಆ ಮನವಿಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಕಾಳು ಕೊಡಿ, ಹಣ್ಣು ಕೊಡಿ ಎಂದು ಸರಕಾರಕ್ಕೆ ಹೇಳಿದ್ದೆವು. ನಾವು ಕೊಡುತ್ತೇವೆ ಎಂದು ಬರೆದಿರಲಿಲ್ಲ.

ಜಮಾ-ಖರ್ಚು ಕಲಿತವನಿಗೆ ಇದು ಬೇಗ ತಿಳಿಯಬೇಕಾಗಿತ್ತು. ನಮ್ಮ ನೇಮದ ಖರ್ಚನ್ನು ಬೇರೆಯವರ ಖಾತೆಗೆ ಬರೆಯುವುದು ತಪ್ಪು ಲೆಕ್ಕ. ಇನ್ನೊಬ್ಬರ ಮಗುವಿಗೆ ಇದು ಬೇಡವೆಂದು ಹೇಳಿದ ಗಳಿಗೆಯಲ್ಲಿಯೇ ಅದಕ್ಕೆ ಸರಿಸಮನಾದದ್ದನ್ನು ದಿನಾಲು ಕೊಡುವ ಸಾಲ ನಮ್ಮ ತಲೆಯ ಮೇಲೆ ಬರುತ್ತದೆ. ಸಾಲ ತೀರಿಸಲು ಆಗದಿದ್ದರೆ ಬೇಡವೆನ್ನುವ ಅಧಿಕಾರವೂ ನಮಗಿಲ್ಲ. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳನ್ನೂ ಮೊಟ್ಟೆ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿದ ಅಧ್ಯಯನದ ವರದಿ 2022ರಲ್ಲಿ ಬಂತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ಅದರಲ್ಲೂ ದೊಡ್ಡ ತರಗತಿಯ ಹೆಣ್ಣುಮಕ್ಕಳದು. ಇದು ಮೊಟ್ಟೆಯ ಮಹಿಮೆ ಎಂದು ಒಬ್ಬರು ಹೇಳಬಹುದು, ಏನಾದರೂ ಒಳ್ಳೆಯದು ಹೆಚ್ಚಿಗೆ ಸಿಕ್ಕರೆ ಮಕ್ಕಳು ಬೆಳೆಯುತ್ತವೆ ಎಂದು ಇನ್ನೊಬ್ಬರು ಹೇಳಬಹುದು. ಹೇಗೆ ಹೇಳಿದರೂ ಅಲ್ಲಿಯವರೆಗೆ ಆ ಒಳ್ಳೆಯದು ಅವುಗಳಿಗೆ ಸಿಕ್ಕಿರಲಿಲ್ಲ ಎಂಬುದು ಉಳಿಯುತ್ತದೆ.

ಹಾಗಾದರೆ ಸಾಲ ಎಷ್ಟು? ಕುಳಿತು ಲೆಕ್ಕ ಹಾಕಿದೆವು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಅಷ್ಟೇ ಪ್ರೋಟೀನು 25 ಗ್ರಾಂ ಶೇಂಗಾ ಬೀಜದಲ್ಲಿ ಇದೆ. ನೂರು ಮಕ್ಕಳ ಒಂದು ಸಾಲಿಗೆ ದಿನಕ್ಕೆ ಎರಡೂವರೆ ಕಿಲೋ. ಇನ್ನೂರು ದಿನಕ್ಕೆ 5 ಕ್ವಿಂಟಲ್ ಬೀಜ, ಕಾಯಿಯ ಲೆಕ್ಕದಲ್ಲಿ ಸುಮಾರು 7 ಕ್ವಿಂಟಲ್. ಇಷ್ಟಕ್ಕೆ ಸಾಲ ತೀರಲಿಲ್ಲ. ಮೊಟ್ಟೆಯಲ್ಲಿ ಇರುವ ಬಿ-12 ಎಂಬ ಜೀವಸತ್ವ ಶೇಂಗಾದಲ್ಲಿ ಇಲ್ಲ, ಯಾವ ಕಾಳಿನಲ್ಲಿಯೂ ಇಲ್ಲ. ಸಸ್ಯಾಹಾರಿಗೆ ಅದು ಬರುವುದು ಹಾಲು-ಮೊಸರಿನಿಂದ. ಮಗುವಿಗೆ 150 ಮಿಲಿ ಹಾಲು ಎಂದು ಹಿಡಿದರೆ ನೂರು ಮಕ್ಕಳಿಗೆ ದಿನಕ್ಕೆ 15 ಲೀಟರ್, ಇನ್ನೂರು ದಿನಕ್ಕೆ 3,000 ಲೀಟರ್. ಈ ಅಂಕಿಯನ್ನು ಜಾತ್ರೆಯ ಖರ್ಚಿನ ಮಗ್ಗುಲಲ್ಲಿ ಬರೆದು ನೋಡಿದೆವು. ಒಂದು ಸಾಲಿಯ ವರ್ಷದ ಶೇಂಗಾ ನಮ್ಮ ಶಕ್ತಿಯೊಳಗೆ ಇದೆ. ಹಾಲು ಇಲ್ಲ. ಒಬ್ಬರೇ ಆದರೆ ಇಲ್ಲ ಎನ್ನಬೇಕು, ಹೈನ ಇಟ್ಟುಕೊಂಡ ಭಕ್ತರು ನಮ್ಮಲ್ಲಿ ಕಡಿಮೆಯಿಲ್ಲ.

ಟ್ರಸ್ಟಿನ ಸಭೆಯಲ್ಲಿ ಇದನ್ನು ಇಟ್ಟಾಗ ಒಬ್ಬ ಹಿರಿಯರು ಕೇಳಿದ ಪ್ರಶ್ನೆ ತೂಕದ್ದಾಗಿತ್ತು. ಮಕ್ಕಳ ಊಟ ಸರಕಾರದ ಕರ್ತವ್ಯ. 2001ರ ನವೆಂಬರ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಅದು ಹಕ್ಕಾಗಿದೆ. ಮಠದವರು ಶೇಂಗಾ ಕೊಡಹತ್ತಿದರೆ ಸರಕಾರ ಇದ್ದ ಬೇಳೆಯನ್ನೂ ಕಡಿಮೆ ಮಾಡುವುದಿಲ್ಲವೆ? ಹಕ್ಕನ್ನು ಭಿಕ್ಷೆ ಮಾಡಿದಂತೆ ಆಗುವುದಿಲ್ಲವೆ? ಅವರ ಮಾತಿಗೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಕೊಡುವುದರ ಜೊತೆಗೆ ಕೇಳುವುದನ್ನೂ ಬಿಡಬಾರದು ಎಂಬಷ್ಟಕ್ಕೆ ಸಭೆ ಒಪ್ಪಿತು. ಪಾಲಕರ ಸಭೆಗೆ ನಮ್ಮ ಭಕ್ತರು ಹೋಗಬೇಕು. ಇಂದು ಬೇಳೆ ಎಷ್ಟು ತೂಗಿದಿರಿ ಎಂದು ಮರ್ಯಾದೆಯಿಂದ ಕೇಳಬೇಕು. ಆದರೆ ಆ ಹುಡುಗನಿಗೆ ಈಗ ಹತ್ತು ವರ್ಷ. ಸರಕಾರ ಮತ್ತು ನಾವು ಇದು ಯಾರ ಕೆಲಸವೆಂದು ತೀರ್ಮಾನಿಸುವಷ್ಟರಲ್ಲಿ ಅವನಿಗೆ ಹದಿನೈದಾಗಿರುತ್ತದೆ. ಮೂಳೆ ಬೆಳೆಯುವ ಕಾಲ ಸಭೆ ಮುಂದಕ್ಕೆ ಹೋದಂತೆ ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇವೆ. ಹಿಂದೊಮ್ಮೆ ಒಂದು ಸಾಲಿಗೆ ಬಾಳೆಹಣ್ಣು ಕೊಟ್ಟಾಗ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಹಣ್ಣು ಹಿಡಿಸಿ ಫೋಟೋ ತೆಗೆಸಿದ್ದೆವು. ಇದೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಫೋಟೋಗ್ರಾಫರು ಬರುವುದು ತಡವಾಗಿ ಮಕ್ಕಳು ಹಣ್ಣು ಹಿಡಿದುಕೊಂಡೇ ನಿಂತಿದ್ದವು, ತಿನ್ನಬೇಡಿರೆಂದು ನಾವೇ ಗದರಿಸಿದ್ದೆವು. ಕೊಡುವವನ ಕೈ ಮೇಲೆ ಇರುವುದೆಂದರೆ ಇದೇ. ಇನ್ನು ಮೇಲೆ ಫೋಟೋ ಇಲ್ಲ, ತಾಟಿನ ಮೇಲೆ ಮಠದ ಹೆಸರಿಲ್ಲ. ಶೇಂಗಾ ಎಲ್ಲ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ಸಲ್ಲುತ್ತದೆ. ಬಡವರ ಮಕ್ಕಳು ಮುಂದೆ ಬರ್ರಿ ಎಂದು ಕರೆಯುವುದಿಲ್ಲ. ಸಾಲಿಯ ಸಮಿತಿಯವರು ತಮ್ಮ ವರ್ಗಣಿಯಿಂದ ಮೊಟ್ಟೆಯನ್ನೂ ಕೊಟ್ಟರೆ ಕೊಡಲಿ. ಅದಕ್ಕೆ ಅಡ್ಡಿ ಮಾಡುವ ಯಾವ ಕಾಗದಕ್ಕೂ ಮಠದ ಮುದ್ರೆ ಬೀಳುವುದಿಲ್ಲವೆಂದು ಪೂಜ್ಯರ ಅಪ್ಪಣೆಯಾಗಿದೆ. ಕೆಲವು ಭಕ್ತರಿಗೆ ಇದು ಸರಿಬಂದಿಲ್ಲ, ನಮಗೆ ಗೊತ್ತು. ಅವರ ಪತ್ರಗಳು ಬಂದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಆ ಹುಡುಗನ ಸಾಲಿಯ ಗೋಡೆಗೆ ಎತ್ತರ ಅಳೆಯುವ ಪಟ್ಟಿ ಬರೆಸಿ, ಒಂದು ತೂಕದ ಯಂತ್ರ ಕೊಟ್ಟಿದ್ದೇವೆ. ಮೂರು ತಿಂಗಳಿಗೊಮ್ಮೆ ಎಲ್ಲ ಮಕ್ಕಳನ್ನು ಅಳೆದು ಬರೆದಿಡಲು ಅಲ್ಲಿಯ ಗುರುಗಳು ಒಪ್ಪಿದ್ದಾರೆ. ಮೊದಲ ಸಲ ಅಳೆದಾಗ ಅವನ ಎತ್ತರ 121 ಸೆಂಟಿಮೀಟರ್ ಬಂತು. ಸರಕಾರ ಕೊಡುವ ಜಂತುಹುಳದ ಗುಳಿಗೆ, ವಾರದ ಕಬ್ಬಿಣದ ಗುಳಿಗೆಗಳನ್ನು ಮಕ್ಕಳು ಉಗುಳದೆ ನುಂಗುವಂತೆ ನೋಡಬೇಕೆಂದು ಅಜ್ಜಿಯಂದಿರಿಗೆ ಹೇಳಿದ್ದೇವೆ. ಆ ಗುಳಿಗೆ ತಿಂದರೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಕೆಲವು ಊರಲ್ಲಿ ಹಬ್ಬಿದೆ, ಅದು ಶುದ್ಧ ಸುಳ್ಳು.

ಈ ಸುಗ್ಗಿಯಲ್ಲಿ ಮಠದ ಜೋಳಿಗೆ ಊರೂರಿಗೆ ಬಂದಾಗ ಅಕ್ಕಿ-ಗೋದಿಯ ಜೊತೆಗೆ ಶೇಂಗಾಕ್ಕೆ ಬೇರೆ ಚೀಲ ಇರುತ್ತದೆ. ಬೀಜ ಸುಲಿದು ತರಬೇಡಿರಿ, ಕಾಯಿ ಸಹಿತ ತನ್ನಿರಿ, ಹೆಚ್ಚು ದಿನ ತಾಳುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿರಬೇಕು, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಸಪ್ಪಳವಾಗಬೇಕು. ಹಸಿ ಇದ್ದರೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಶೇಂಗಾ ವಿಷ. ಅಂಥದು ಬಂದರೆ ನಾವು ಹೊಳ್ಳಿ ಕಳಿಸುತ್ತೇವೆ, ಭಕ್ತರು ಸಿಟ್ಟಾಗಬಾರದು. ಸುಲಿಯುವ ಕೆಲಸಕ್ಕೆ ಗುರುವಾರ ಮಧ್ಯಾಹ್ನ ಮಠದ ಪಡಸಾಲೆಯಲ್ಲಿ ಕೂಡುತ್ತೇವೆ. ಬರುವ ತಾಯಂದಿರು ಮೊರ ತಂದರೆ ಅನುಕೂಲ.